ಗೆದ್ದ ರಾತ್ರಿಯ ಕಾರ್ಯಕರ್ತ

ಕಾಗಿಣಾ, ಮುಲ್ಲಾಮಾರಿ ನದಿಗಳ ದಂಡೆಯ ಹಳ್ಳಿಗಳಲ್ಲಿ ಅಲೆದವರು ಊರ ಹೊರಗೆ, ಹನುಮಪ್ಪನ ಗುಡಿಯ ಮಗ್ಗುಲಿಗೆ, ಅರ್ಧ ನೆಲದಲ್ಲಿ ಹುಗಿದುಹೋದ ವೀರಗಲ್ಲುಗಳನ್ನು ಕಂಡೇ ಇರುತ್ತಾರೆ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರ ತೋಳಿನಲ್ಲಿ ಮೇಲೇರುವ ವೀರ, ತುದಿಯಲ್ಲಿ ಅವನಿಗೆ ದೊರೆತ ದೇವರ ಸನ್ನಿಧಿ. ಗೆದ್ದ ಅರಸನಿಗೆ ಬಿರುದಾವಳಿಯ ಶಾಸನ, ಸತ್ತ ಆಳಿಗೆ ಒಂದು ಕಲ್ಲು. ಆದರೆ ಕಾಳಗದಲ್ಲಿ ಕಾದಾಡಿ, ಅರಸನನ್ನು ಗೆಲ್ಲಿಸಿ, ತಾನೂ ಬದುಕಿ ಮನೆಗೆ ಹಿಂದಿರುಗಿದ ಆಳೊಬ್ಬನಿದ್ದನಲ್ಲ, ಅವನಿಗೆ ಶಾಸನವೂ ಇಲ್ಲ, ಕಲ್ಲೂ ಇಲ್ಲ. ಆ ರಾತ್ರಿ ಅವನು ಏನು ನೆನೆದ, ನಿದ್ದೆ ಬಂದಿತೋ ಇಲ್ಲವೋ ಎಂಬುದನ್ನು ಯಾವ ಕವಿಯೂ ವಿಚಾರಿಸಿದ ಹಾಗೆ ಕಾಣೆ.

ನಮ್ಮ ಕಾಲದಲ್ಲಿ ಆ ಆಳಿನ ವಾರಸುದಾರನೆಂದರೆ ಚುನಾವಣೆಯ ಕಾರ್ಯಕರ್ತ. ಹೋಲಿಕೆ ಪೂರ್ತಿ ಸರಿಹೋಗುವುದಿಲ್ಲವೆಂಬುದೇನೋ ದಿಟ. ಹಳೆಯ ಆಳು ಕಾದಾಡುತ್ತಿದ್ದುದು ಜೋಳವಾಳಿಗೆ. ಒಡೆಯನ ಜೋಳವನ್ನುಂಡ ಋಣವನ್ನು ಪ್ರಾಣ ಕೊಟ್ಟಾದರೂ ತೀರಿಸಬೇಕೆಂಬ ಈ ಮಾತು ಪಂಪನ ಕಾಲದಲ್ಲಿಯೇ ನಮ್ಮ ಕಾವ್ಯದೊಳಕ್ಕೆ ಬಂದಿತು. ಇಂದಿನ ಕಾರ್ಯಕರ್ತನಾದರೋ ಹಲವು ಸಲ ತನ್ನ ಮನೆಯ ಜೋಳದ ರೊಟ್ಟಿಯನ್ನೇ ಕಟ್ಟಿಕೊಂಡು ಹೊರಟವನು. ಹಣಕ್ಕಾಗಿ ಹೊರಟವರ ಸಂಗತಿ ಬೇರೆ, ಅವರ ಲೆಕ್ಕ ಸಂಜೆಗೆ ಚುಕ್ತಾ ಆಗುತ್ತದೆ. ನಾನಿಲ್ಲಿ ನೆನೆಯುತ್ತಿರುವುದು ಲೆಕ್ಕ ಚುಕ್ತಾ ಆಗದವರನ್ನು. ಅವರ ಚರಿತ್ರೆಯನ್ನು ಬರೆಯಬೇಕೆಂದರೆ ಕಲಬುರ್ಗಿಯ ಸೀಮೆಗಿಂತ, ಅದರಲ್ಲಿಯೂ ಚಿಂಚೋಳಿ, ಸೇಡಂ, ಚಿತ್ತಾಪುರದ ಈ ಮೂಡಣ ಭಾಗಕ್ಕಿಂತ ತಕ್ಕ ಸ್ಥಳ ಸಿಕ್ಕುವುದು ಕಷ್ಟ. ಗೆಲುವು ಎಂಬುದು ಎಷ್ಟು ಬಗೆಯಾಗಿ ಬರಬಹುದು, ಬಂದು ಎಷ್ಟು ಬೇಗ ಕೈಜಾರಬಹುದು ಎಂಬುದನ್ನು ಈ ಸೀಮೆ ಎಪ್ಪತ್ತು ವರ್ಷಗಳಿಂದ ಕಂಡಿದೆ.

ಮೊದಲ ಗೆಲುವು ೧೯೫೨ರದು. ಬೆಂಗಳೂರು, ಮೈಸೂರಿನ ಓದುಗರಿಗೆ ಮೊದಲ ಮಹಾಚುನಾವಣೆಯೆಂದರೆ ಸ್ವಾತಂತ್ರ್ಯ ಬಂದ ಐದನೆಯ ವರ್ಷದ ಒಂದು ಸಂಭ್ರಮ. ನಮ್ಮ ಕಡೆಯ ಲೆಕ್ಕವೇ ಬೇರೆ. ಇಲ್ಲಿ ೧೯೪೭ರ ಆಗಸ್ಟ್ ೧೫ ಬಿಡುಗಡೆಯ ದಿನವಾಗಿರಲಿಲ್ಲ. ರಜಾಕಾರರ ಹಾವಳಿ, ಊರು ಬಿಟ್ಟು ಓಡುವುದು, ಗಡಿಯಾಚೆಯ ಶಿಬಿರಗಳು, ಇವೆಲ್ಲ ಮುಗಿದು, ೧೯೪೮ರ ಸೆಪ್ಟೆಂಬರ್ ೧೩ರಂದು ಭಾರತದ ಸೈನ್ಯ ಒಳನುಗ್ಗಿ, ೧೭ರಂದು ನಿಜಾಮರು ಶರಣಾದ ಮೇಲೆಯೇ ಉಸಿರು ಬಿಟ್ಟದ್ದು. ಆಮೇಲೂ ಕೆಲಕಾಲ ಸೈನ್ಯಾಧಿಕಾರಿಯ ಆಡಳಿತ, ಅನಂತರ ದೆಹಲಿಯಿಂದ ನೇಮಕಗೊಂಡ ಅಧಿಕಾರಿಯ ಆಡಳಿತ. ಆದಕಾರಣ ೧೯೫೨ರಲ್ಲಿ ಚೀಟಿ ಹಿಡಿದು ನಿಂತ ಮನುಷ್ಯನಿಗೆ ಬ್ರಿಟಿಷರು ಹೋದದ್ದಕ್ಕಿಂತ ನಿಜಾಮನ ಠಾಣೆಯ ಜವಾನನು ಹೋದದ್ದೇ ದೊಡ್ಡ ಸುದ್ದಿ. ಮೂರೂವರೆ ವರ್ಷದ ಹಿಂದೆ ದನಿಯೆತ್ತಿ ಮಾತನಾಡಲು ಅಂಜಿದವನನ್ನು, ‘ನಿನಗೆ ಯಾರು ಬೇಕು ಹೇಳು’ ಎಂದು ಸರ್ಕಾರವೇ ಕರೆದು ಕೇಳುತ್ತಿದ್ದಿತು.

ಆಗ ಕಲಬುರ್ಗಿಯ ಲೋಕಸಭಾ ಸ್ಥಾನಕ್ಕೆ ನಿಂತು ಗೆದ್ದವರು ಸ್ವಾಮಿ ರಾಮಾನಂದ ತೀರ್ಥರು. ಕಾವಿಯುಟ್ಟ ಸನ್ಯಾಸಿ, ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ನಾಯಕ. ೧೯೩೮ರಲ್ಲಿ ಆ ಸಂಸ್ಥೆಯ ಮೇಲೆ ಬಿದ್ದ ನಿರ್ಬಂಧ ತೆರವಾದದ್ದು ೧೯೪೬ರಲ್ಲಿ. ಸ್ವಾಮೀಜಿ ಸೆರೆಮನೆಯ ಬಾಗಿಲನ್ನು ಹಲವು ಸಲ ಕಂಡವರು, ಕಟ್ಟಕಡೆಗೆ ಹೊರಬಂದದ್ದು ನಿಜಾಮರು ಶರಣಾದ ಗಳಿಗೆಯಲ್ಲಿ. ಇಂಥ ಉಮೇದುವಾರನಿಗೆ ದುಡಿದವರಿಗೆ ಚುನಾವಣೆಯೆಂಬುದು ಹೊಸ ಕೆಲಸವೇನಲ್ಲ, ಹಳೆಯ ಕೆಲಸದ ಮುಂದುವರಿಕೆ. ಮೊದಲು ಕರಪತ್ರವನ್ನು ಅಂಗಿಯ ಒಳಗೆ ಬಚ್ಚಿಟ್ಟು ಒಯ್ಯುತ್ತಿದ್ದವರು ಈಗ ಕೈಯಲ್ಲಿ ಹಿಡಿದು ಒಯ್ದರು. ವ್ಯತ್ಯಾಸ ಇಷ್ಟೇ. ಈ ‘ಇಷ್ಟೇ’ ಎಂಬುದರಲ್ಲಿ ಎಷ್ಟು ಅಡಗಿದೆಯೆಂಬುದನ್ನು ಅಂಥ ರಾತ್ರಿಗಳನ್ನು ಕಂಡವರು ಮಾತ್ರ ಬಲ್ಲರು.

ಆ ವರ್ಷ ದೇಶದ ಮತದಾರರು ಸುಮಾರು ೧೭ ಕೋಟಿ ೩೦ ಲಕ್ಷ. ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಓದುಬರಹವನ್ನರಿಯದವರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನರು ಇದಕ್ಕೆ ಹೂಡಿದ ಉಪಾಯವೆಂದರೆ ಪ್ರತಿಯೊಬ್ಬ ಉಮೇದುವಾರನಿಗೂ ಒಂದು ಬೇರೆ ಪೆಟ್ಟಿಗೆ, ಪೆಟ್ಟಿಗೆಯ ಮೇಲೊಂದು ಚಿತ್ರ. ಕಾಂಗ್ರೆಸ್ಸಿಗೆ ನೊಗಹೊತ್ತ ಜೋಡೆತ್ತು, ಸಮಾಜವಾದಿಗಳಿಗೆ ಮರ, ಜನಸಂಘಕ್ಕೆ ದೀಪ, ಪರಿಶಿಷ್ಟ ಜಾತಿಗಳ ಫೆಡರೇಷನ್ನಿಗೆ ಆನೆ. ಮತದಾರನು ಚೀಟಿಯ ಮೇಲೆ ಏನನ್ನೂ ಗುರುತು ಮಾಡಬೇಕಾದ್ದಿಲ್ಲ. ಮರೆಯ ಹಿಂದೆ ಹೋಗಿ ತನಗೆ ಬೇಕಾದ ಪೆಟ್ಟಿಗೆಯಲ್ಲಿ ಹಾಕಿದರೆ ಮುಗಿಯಿತು. ಕೇಳಲು ಸುಲಭ. ಆದರೆ ಎತ್ತನ್ನು ಹೊಲದಲ್ಲಿ ಕಂಡವನಿಗೆ ಪೆಟ್ಟಿಗೆಯ ಮೇಲಿನ ಎತ್ತು ಒಬ್ಬ ಮನುಷ್ಯನಿಗೆ ಸಲ್ಲುತ್ತದೆಂದು ತಿಳಿಯಹೇಳುವ ಕೆಲಸ ಬಿದ್ದದ್ದು ಕಾರ್ಯಕರ್ತನ ಹೆಗಲಿಗೆ. ದೇಶದ ಕೆಲವೆಡೆ ಜನ ಪೆಟ್ಟಿಗೆಗೆ ಹೂವೇರಿಸಿ ಪೂಜೆ ಮಾಡಿದರು. ಎಣಿಕೆಗೆ ತೆರೆದಾಗ ಮತಚೀಟಿಯೊಂದಿಗೆ ಅಹವಾಲುಗಳೂ ನಾಣ್ಯಗಳೂ ಹೊರಬಿದ್ದುವು. ನಗುವ ವಿಷಯವೇನಲ್ಲ. ದೇವರ ಹುಂಡಿಯನ್ನು ಬಿಟ್ಟರೆ ಮತ್ತೊಂದು ಪೆಟ್ಟಿಗೆ ತಮ್ಮ ಮಾತನ್ನು ಕೇಳುತ್ತದೆಂದು ಆ ಜನಕ್ಕೆ ಯಾರು ಹೇಳಿದ್ದರು?

ಹೆಂಗಸರ ಪಾಡನ್ನಂತೂ ಹೇಳಲೇಬೇಕು. ಪಟ್ಟಿ ಬರೆಯಲು ಬಂದವರಿಗೆ ಅನೇಕ ಹೆಣ್ಣುಮಕ್ಕಳು ತಮ್ಮ ಹೆಸರನ್ನು ಹೇಳಲೊಲ್ಲದೆ, ಇಂಥವನ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಹೇಳಿದರು. ಹೀಗೆ ಹೆಸರಿಲ್ಲದ ಸುಮಾರು ೨೮ ಲಕ್ಷ ಮಹಿಳೆಯರನ್ನು ದೇಶದ ಪಟ್ಟಿಯಿಂದ ಕೈಬಿಡಲಾಯಿತು. ಉತ್ತರದ ಪ್ರಾಂತಗಳಲ್ಲಿಯೇ ಇದು ಹೆಚ್ಚು. ಆದರೂ ನಮ್ಮ ಕಡೆ ಮನೆಯ ಹೊಸಲಿನಲ್ಲಿ ನಿಂತು ‘ಅವ್ವಾ, ನಿನ್ನ ಹೆಸರು ಹೇಳು’ ಎಂದು ಕೇಳಬೇಕಾದ ತರುಣನ ಸಂಕೋಚವನ್ನು ಊಹಿಸಿಕೊಳ್ಳಬಹುದು.

ಮತ ಬಿದ್ದ ಮೇಲೆ ಎಣಿಕೆ. ಇಂದಿನವರಿಗೆ ಅದರ ಕಲ್ಪನೆಯೇ ಇಲ್ಲವಾದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

೧೯೫೨, ೧೯೫೭ರ ಎಣಿಕೆಯಲ್ಲಿ ಪೆಟ್ಟಿಗೆಯೇ ಉಮೇದುವಾರನದಾದ್ದರಿಂದ ಮುಚ್ಚಳ ತೆಗೆದ ಕೂಡಲೇ ಒಂದು ಅಂದಾಜು ಸಿಕ್ಕಿಬಿಡುತ್ತಿದ್ದಿತು. ಒಂದರಲ್ಲಿ ಕಂಠಮಟ್ಟ ಚೀಟಿ, ಮತ್ತೊಂದರಲ್ಲಿ ತಳಕ್ಕಂಟಿದ ನಾಲ್ಕು. ೧೯೫೭ರಲ್ಲಿ ಕಲಬುರ್ಗಿ ದ್ವಿಸದಸ್ಯ ಕ್ಷೇತ್ರ. ಮಹಾದೇವಪ್ಪ ರಾಂಪುರೆಯವರೂ ಶಂಕರದೇವರೂ ಒಟ್ಟಿಗೇ ಆಯ್ಕೆಯಾದರು. ಮತದಾರನಿಗೆ ಎರಡು ಚೀಟಿ, ಎಣಿಸುವವನಿಗೆ ಇಮ್ಮಡಿ ಕೆಲಸ. ಮರುವರ್ಷ, ೧೯೫೮ರಲ್ಲಿ, ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಹುಟ್ಟಿದ್ದು ಇದೇ ರಾಂಪುರೆಯವರಿಂದ. ಇಂದು ಕಲಬುರ್ಗಿಯ ವೈದ್ಯಕೀಯ ಕಾಲೇಜು ಅವರ ಹೆಸರನ್ನು ಹೊತ್ತಿದೆ. ಗೆದ್ದವರ ಕೈಯಿಂದ ಕಣ್ಣಿಗೆ ಕಾಣುವ ಕೆಲಸವಾಯಿತೆಂದು ಹೇಳಿಕೊಳ್ಳುವ ಪುಣ್ಯ ಎಲ್ಲ ಕಾರ್ಯಕರ್ತರಿಗೂ ಒದಗುವುದಿಲ್ಲ.

೧೯೬೨ರಿಂದ ಕ್ರಮ ಬದಲಾಯಿತು. ಎಲ್ಲರ ಚಿಹ್ನೆಗಳೂ ಒಂದೇ ಹಾಳೆಯಲ್ಲಿ, ಎಲ್ಲರ ಹಾಳೆಯೂ ಒಂದೇ ಪೆಟ್ಟಿಗೆಯಲ್ಲಿ. ಬೆರಳಿಗೆ ಮೈಸೂರಿನ ಕಾರ್ಖಾನೆಯ ಅಳಿಸಲಾಗದ ಶಾಯಿ, ಕೈಗೆ ರಬ್ಬರಿನ ಮುದ್ರೆ. ಆ ಮುದ್ರೆಯ ಆಕಾರವನ್ನು ಗಮನಿಸಿದವರು ಕಡಿಮೆ. ಶಿಲುಬೆಯಂತಿರುವ ಗೆರೆಗಳ ತುದಿಗಳು ಒಂದೇ ದಿಕ್ಕಿಗೆ ಬಾಣದಂತೆ ತಿರುಗಿಕೊಂಡಿರುತ್ತವೆ. ಸುಮ್ಮನೆ ಅಲಂಕಾರಕ್ಕಲ್ಲ. ಒದ್ದೆ ಮುದ್ರೆಯಿದ್ದ ಹಾಳೆಯನ್ನು ಮಡಿಸಿದಾಗ ಎದುರು ಮಗ್ಗುಲಿಗೂ ಗುರುತು ಹತ್ತಿಕೊಳ್ಳುತ್ತದೆ. ಹತ್ತಿದ ಗುರುತಿನಲ್ಲಿ ಬಾಣಗಳು ತಿರುವುಮುರುವಾಗುತ್ತವೆ. ಯಾವುದು ಮತದಾರನು ಒತ್ತಿದ್ದು, ಯಾವುದು ಮಡಿಕೆ ಒತ್ತಿದ್ದು ಎಂಬುದು ಅಲ್ಲಿಯೇ ಇತ್ಯರ್ಥ. ಎಣಿಕೆಯ ಕೋಣೆಯಲ್ಲಿ ಜಾಲರಿಯ ಈಚೆ ಕುಳಿತ ಏಜಂಟನ ರಾತ್ರಿಯೆಲ್ಲ ಈ ಬಾಣಗಳ ಮೇಲೆ ಕಣ್ಣು ನೆಟ್ಟೇ ಕಳೆಯುತ್ತಿದ್ದಿತು. ಅವನು ಚೀಟಿಯನ್ನು ಮುಟ್ಟುವಂತಿಲ್ಲ. ‘ಅದು ನಮ್ಮದು, ನೋಡ್ರಿ ಸಾಹೇಬ್ರೇ’ ಎನ್ನಬಹುದು, ಅಷ್ಟೆ. ಮುಂದೆ ಹಲವು ಮತಗಟ್ಟೆಗಳ ಚೀಟಿಗಳನ್ನು ಕಲಸಿ, ಇಪ್ಪತ್ತೈದರ ಕಟ್ಟು ಕಟ್ಟಿ, ನಲವತ್ತು ಕಟ್ಟಿಗೆ ಸಾವಿರವೆಂದು ಎಣಿಸುವ ಪದ್ಧತಿ ಬಂದಿತು. ಯಾವ ಊರು ಯಾರಿಗೆ ಹಾಕಿತೆಂಬುದು ಗೆದ್ದವನಿಗಾಗಲಿ ಸೋತವನಿಗಾಗಲಿ ತಿಳಿಯಬಾರದು, ತಿಳಿದರೆ ಆ ಊರಿನ ಬಾವಿಗೂ ರಸ್ತೆಗೂ ಕುತ್ತು ಬಂದೀತು ಎಂಬ ಅಂಜಿಕೆ ಇದಕ್ಕೆ ಕಾರಣ.

ಹೀಗೆ ಸುತ್ತಿನ ಮೇಲೆ ಸುತ್ತು ನಡೆದು ರಾತ್ರಿ ಬೆಳಗಾಗುತ್ತಿದ್ದಿತು, ಕೆಲವೊಮ್ಮೆ ಮರುದಿನವೂ ರಾತ್ರಿಯಾಗುತ್ತಿದ್ದಿತು. ಹೊರಗೆ ಬೇವಿನ ಮರದ ಕೆಳಗೆ ಕಂಬಳಿ ಹಾಸಿಕೊಂಡು ಕುಳಿತವರಿಗೆ ಚುರುಮುರಿ, ಭಜಿ, ಚಹಾ. ಒಳಗಿನಿಂದ ಯಾರಾದರೂ ಮೂತ್ರಕ್ಕೆಂದು ಎದ್ದು ಬಂದರೆ ಅವರ ಮುಖದಲ್ಲಿ ಅಂಕಿಗಳನ್ನು ಓದುವ ಪ್ರಯತ್ನ. ಕಲಬುರ್ಗಿಯಲ್ಲಿ ಆಕಾಶವಾಣಿ ಕೇಂದ್ರ ತೆರೆದದ್ದೇ ೧೯೬೬ರಲ್ಲಿ. ಅದಕ್ಕೆ ಮೊದಲು ಸೂಲೇಪೇಟೆಗೋ ಕುಂಚಾವರಂಗೋ ಸುದ್ದಿ ಮುಟ್ಟಬೇಕಾದರೆ ಬಸ್ಸು ಬರಬೇಕು, ಇಲ್ಲವೆ ಸೈಕಲ್ಲಿನ ಮೇಲೆ ಒಬ್ಬನು ಹೊರಡಬೇಕು. ಗೆಲುವು ಬೆಳಗಿನ ಜಾವದಲ್ಲಿ ನಡೆದರೆ ಹಳ್ಳಿಯಲ್ಲಿ ಅದು ಮಧ್ಯಾಹ್ನಕ್ಕೆ ನಡೆಯುತ್ತಿದ್ದಿತು.

ಆಮೇಲೆ ಹೆಸರು ಕೂಗುತ್ತಾರೆ. ಗುಲಾಲು ಏರುತ್ತದೆ, ಹಲಗೆ ಬಡಿಯುತ್ತದೆ, ಗೆದ್ದವನು ಹೆಗಲಿನ ಮೇಲೆ ಏರುತ್ತಾನೆ. ಕಾರ್ಯಕರ್ತನಿಗೆ ದನಿಯೇ ಉಳಿದಿರುವುದಿಲ್ಲವಾಗಿ ಅವನ ಜಯಘೋಷ ಬಾಯಿಯ ಆಕಾರದಲ್ಲಿ ಮಾತ್ರ ಇರುತ್ತದೆ. ಈ ಸಂತೋಷ ಸುಳ್ಳಲ್ಲ. ಒಂದು ತಿಂಗಳು ಕಾಲು ಸವೆಸಿ ನಂಬಿದ ಸಂಗತಿಯನ್ನು ಸಾವಿರಾರು ಜನ, ಒಬ್ಬರನ್ನೊಬ್ಬರು ಕಾಣದೆ, ಮರೆಯ ಹಿಂದೆ ಒಬ್ಬೊಬ್ಬರೇ ನಿಂತು, ಹೌದೆಂದರಲ್ಲ ಎಂಬ ಬೆರಗು ಅದರಲ್ಲಿದೆ. ನನ್ನ ಮಟ್ಟಿಗೆ, ಪ್ರಜಾಪ್ರಭುತ್ವವನ್ನು ಹೊಗಳಿ ಬರೆದ ಅನೇಕ ಗ್ರಂಥಗಳಿಗಿಂತ ಈ ಬೆರಗಿನಲ್ಲಿ ಹೆಚ್ಚು ತೂಕವಿದೆ.

ಆದರೆ ತಾಸೆರಡು ತಾಸಿನಲ್ಲಿ ಮತ್ತೊಂದು ಭಾವನೆ ತಲೆಯೆತ್ತುತ್ತದೆ. ಅದರ ಬಗೆಗೆ ಯಾರೂ ಬಹಿರಂಗವಾಗಿ ಮಾತನಾಡುವುದಿಲ್ಲ. ಚಂದ್ರಂಪಳ್ಳಿಯ ಅಣೆಕಟ್ಟಿನ ಕಡೆ ಕಾಡುಮಗ್ಗುಲ ತಾಂಡಾವೊಂದರ ಹಿರಿಯರು, ತಾರುಣ್ಯದಲ್ಲಿ ಚುನಾವಣೆಗೆ ದುಡಿದವರು, ನನಗೆ ಅದನ್ನು ಹೇಳಿದ ರೀತಿ ಹೀಗೆ: ಅವರು ಮತ ಕೇಳಲು ಹೋದ ಹಳ್ಳಿಯಲ್ಲಿ ಒಬ್ಬ ಮುದುಕಿ, ‘ನಿನ್ ಮಾರಿ ನೋಡಿ ಹಾಕ್ತೀನಪ್ಪಾ, ಅವ್ರ ಮಾರಿ ನಾ ಎಲ್ಲಿ ಕಂಡೀನಿ?’ ಎಂದಳಂತೆ. ಗೆದ್ದ ರಾತ್ರಿ ಎಲ್ಲರೂ ಕುಣಿಯುವಾಗ ಇವರಿಗೆ ಆ ಮಾತು ನೆನಪಾಯಿತಂತೆ. ಆಕೆಗೆ ಇವರು ಒಂದು ಕೊಳವೆಬಾವಿಯ ಮಾತನ್ನು ಆಡಿಬಂದಿದ್ದರು. ಉಮೇದುವಾರನು ಆ ಮಾತನ್ನು ಆಡಿರಲಿಲ್ಲ, ಆತನಿಗೆ ಆ ಮುದುಕಿಯ ಹಳ್ಳಿಯ ಹೆಸರೂ ಗೊತ್ತಿದ್ದಿರಲಾರದು. ಸೋತಿದ್ದರೆ, ‘ಏನ್ ಮಾಡೋದವ್ವಾ, ಸೋತ್ವಿ’ ಎಂದು ಹೇಳಿ ಮುಗಿಸಬಹುದಾಗಿತ್ತು. ಗೆದ್ದುದರಿಂದ ಮಾತು ಸಾಲವಾಯಿತು.

ಇದನ್ನು ಕೇಳಿದಂದಿನಿಂದ ನನಗೆ ಜೋಳವಾಳಿಯ ಲೆಕ್ಕ ತಲೆಕೆಳಗಾಗಿ ಕಾಣುತ್ತದೆ. ಹಳೆಯ ಆಳಿಗೆ ಋಣವಿದ್ದದ್ದು ಒಡೆಯನ ಕಡೆಗೆ, ಕಾಳಗದಲ್ಲಿ ಅದು ತೀರುತ್ತಿದ್ದಿತು. ಈ ಆಳಿಗೆ ಋಣ ಹುಟ್ಟುವುದೇ ಕಾಳಗ ಗೆದ್ದ ಮೇಲೆ, ಅದೂ ಮತ ಹಾಕಿದ ಜನದ ಕಡೆಗೆ. ಸಾಲ ಮಾಡಿದವನು ಬೆಂಗಳೂರಿಗೋ ದೆಹಲಿಗೋ ಹೊರಟುಹೋಗುತ್ತಾನೆ, ಜಾಮೀನು ನಿಂತವನು ಊರಲ್ಲಿಯೇ ಉಳಿಯುತ್ತಾನೆ. ಇನ್ನೂ ಒಂದು ತೊಡಕು. ಎದುರು ಪಕ್ಷಕ್ಕೆ ದುಡಿದವರು ಪರದೇಶದವರಲ್ಲ. ಒಂದೇ ಓಣಿ, ಒಂದೇ ಬಾವಿ, ಹಲವು ಸಲ ಒಂದೇ ಬೀಗತನ. ಗುಲಾಲು ಹಚ್ಚಿಕೊಂಡ ಮುಖವನ್ನು ಹೊತ್ತು ಬೆಳಿಗ್ಗೆ ಅವರೆದುರಿಗೆ ಹೋಗಿ ‘ಚಹಾ ಆತೇನ್ ಕಾಕಾ’ ಎನ್ನಬೇಕು.

ಚಿಂಚೋಳಿಯ ಕಾರ್ಯಕರ್ತನಿಗೆ ಈ ಅನುಭವ ಬೇರೆಲ್ಲರಿಗಿಂತ ಎತ್ತರದಲ್ಲಿ ನಡೆಯಿತೆಂದು ಹೇಳಬಹುದು. ಅವನು ಗೆಲ್ಲಿಸಿದ ವೀರೇಂದ್ರ ಪಾಟೀಲರು ಅದೇ ಊರಿನವರು, ೧೯೨೪ರಲ್ಲಿ ಜನಿಸಿದವರು. ರಾಜ್ಯ ಒಂದುಗೂಡಿದ ಮಾರನೆಯ ವರ್ಷ, ೧೯೫೭ರಲ್ಲಿ, ಅಲ್ಲಿಂದ ಶಾಸನಸಭೆಗೆ ಬಂದರು. ಹತ್ತೇ ವರ್ಷಗಳಲ್ಲಿ ನಿಜಲಿಂಗಪ್ಪನವರ ಬಲಗೈ, ಎಡಗೈ ಎಂಬಂತೆ ರಾಮಕೃಷ್ಣ ಹೆಗಡೆಯವರೂ ಇವರೂ ಬೆಳೆದರು. ಪತ್ರಿಕೆಗಳು ಲವಕುಶರೆಂದು ಕರೆದುವು. ನಿಜಲಿಂಗಪ್ಪನವರು ಕಾಂಗ್ರೆಸ್ಸಿನ ಅಧ್ಯಕ್ಷರಾಗಿ ಹೊರಟಾಗ, ೧೯೬೮ರ ಮೇ ತಿಂಗಳಲ್ಲಿ ಪಾಟೀಲರು ಮುಖ್ಯಮಂತ್ರಿಗಳಾದರು. ರಾಜ್ಯದ ಈಶಾನ್ಯದ ಮೂಲೆಯ ಒಂದು ತಾಲ್ಲೂಕು, ತೆಲುಗು ಸೀಮೆಗೆ ಹತ್ತಿಕೊಂಡದ್ದು, ರೈಲಿಲ್ಲದ್ದು, ಮುಖ್ಯಮಂತ್ರಿಯನ್ನು ಕೊಟ್ಟಿತು. ಅಂದು ಮನೆಮನೆಗೆ ಚೀಟಿ ಹಂಚಿದವನು ಇಂದು ವಿಧಾನಸೌಧದ ಮೆಟ್ಟಿಲಿನಲ್ಲಿ ನಿಂತರೆ ಬಾಗಿಲ ಜವಾನನು ‘ಯಾರಯ್ಯಾ ನೀನು’ ಎಂದಾನು. ಹೆಮ್ಮೆ ಮತ್ತು ದೂರ, ಎರಡೂ ಒಟ್ಟಿಗೆ ಬೆಳೆಯುತ್ತವೆ. ೧೯೬೯ರಲ್ಲಿ ಕಾಂಗ್ರೆಸ್ಸು ಒಡೆಯಿತು, ಪಾಟೀಲರು ನಿಜಲಿಂಗಪ್ಪನವರ ಕಡೆ ಉಳಿದರು, ೧೯೭೧ರ ಮಾರ್ಚಿನಲ್ಲಿ ಅಧಿಕಾರ ಹೋಯಿತು. ಇದಿಷ್ಟೂ ಎಲ್ಲರೂ ಬಲ್ಲ ಕಥೆ.

ಕಾರ್ಯಕರ್ತನ ಚರಿತ್ರೆಗೆ ಮುಖ್ಯವಾದದ್ದು ಮುಂದಿನದು. ೧೯೭೮ರಲ್ಲಿ ಚಿಕ್ಕಮಗಳೂರಿನ ಲೋಕಸಭಾ ಸದಸ್ಯ ಡಿ. ಬಿ. ಚಂದ್ರೇಗೌಡರು ತಮ್ಮ ಸ್ಥಾನವನ್ನು ಇಂದಿರಾ ಗಾಂಧಿಯವರಿಗಾಗಿ ತೆರವು ಮಾಡಿದರು. ಎದುರಿಗೆ ಜನತಾ ಪಕ್ಷದಿಂದ ನಿಂತವರು ನಮ್ಮ ಚಿಂಚೋಳಿಯ ವೀರೇಂದ್ರ ಪಾಟೀಲರು. ದೇವರಾಜ ಅರಸರು ಒಂದು ಕಡೆ, ಜಾರ್ಜ್ ಫರ್ನಾಂಡಿಸರು ಮತ್ತೊಂದು ಕಡೆ. ದೇಶದ, ಹೊರದೇಶಗಳ ಪತ್ರಿಕೆಗಳವರು ಮಲೆನಾಡಿನ ಕಾಫಿ ತೋಟಗಳೊಳಗೆ ಓಡಾಡಿದರು. ನವೆಂಬರಿನಲ್ಲಿ ಎಣಿಕೆಯಾದಾಗ ಇಂದಿರಾ ಗಾಂಧಿಯವರು ೭೭ ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಆ ರಾತ್ರಿ ಚಿಕ್ಕಮಗಳೂರಿನಲ್ಲಿ ಹಸ್ತದ ಧ್ವಜ ಹಿಡಿದು ಕುಣಿದ ಹುಡುಗನಿಗೆ ತಾನು ದೇಶದ ಚರಿತ್ರೆಯನ್ನೇ ತಿರುಗಿಸಿದೆನೆಂಬ ಭಾವನೆ ಬಂದಿದ್ದರೆ ಅದನ್ನು ಅತಿಶಯವೆನ್ನಲಾಗದು. ಆದರೆ ಡಿಸೆಂಬರ್ ೧೯ರಂದು ಲೋಕಸಭೆ ಆಕೆಯನ್ನು ಸದಸ್ಯತ್ವದಿಂದ ಹೊರಹಾಕಿತು, ಒಂದು ವಾರ ತಿಹಾರ್ ಸೆರೆಮನೆ. ಗುಲಾಲಿನ ಕೆಂಪು ಹೋಗುವುದರೊಳಗೆ ಗೆಲುವು ಹೋಯಿತು. ೧೯೮೦ರ ಚುನಾವಣೆಯಲ್ಲಿ ಆಕೆ ರಾಯಬರೇಲಿಗೂ ಮೆದಕ್ಕಿಗೂ ನಿಂತರು, ಚಿಕ್ಕಮಗಳೂರಿಗೆ ಮರಳಿ ನಿಲ್ಲಲಿಲ್ಲ.

ಇನ್ನೂ ವಿಚಿತ್ರವೆಂದರೆ, ಅದೇ ೧೯೮೦ರ ಜನವರಿಯಲ್ಲಿ ವೀರೇಂದ್ರ ಪಾಟೀಲರು ಬಾಗಲಕೋಟೆಯಿಂದ ಇಂದಿರಾ ಗಾಂಧಿಯವರ ಪಕ್ಷದ ಉಮೇದುವಾರರಾಗಿಯೇ ಗೆದ್ದು, ಆಕೆಯ ಮಂತ್ರಿಮಂಡಲದಲ್ಲಿ ಪೆಟ್ರೋಲಿಯಮ್ ಖಾತೆಯನ್ನು ವಹಿಸಿಕೊಂಡರು. ಹದಿನಾಲ್ಕು ತಿಂಗಳ ಹಿಂದೆ ಮಲೆನಾಡಿನಲ್ಲಿ ಗಂಟಲು ಹರಿದುಕೊಂಡು ಒಬ್ಬರ ಮೇಲೊಬ್ಬರು ಕೂಗಿದ ಎರಡು ಕಡೆಯ ತರುಣರೂ ಈಗ ಏನು ಮಾಡಬೇಕು? ನಾಯಕರಿಗೆ ನಾಯಕರು ಒಂದಾದರು. ಕೂಗಿದ ಮಾತನ್ನು ನುಂಗುವುದು ಕೂಗಿದವನ ಪಾಲಿಗೆ ಬಂದಿತು. ರಾಜಕಾರಣದಲ್ಲಿ ಇದೆಲ್ಲ ಸಹಜವೆಂದು ತಿಳಿದವರು ಹೇಳುತ್ತಾರೆ. ಹಾಗೆ ಹೇಳುವವರು ಮನೆಮನೆಗೆ ನಡೆದವರಲ್ಲ.

ಕಲಬುರ್ಗಿಯಲ್ಲಿ ಅದೇ ವರ್ಷ ನಡೆದದ್ದು ಇದಕ್ಕಿಂತಲೂ ನವಿರಾದ ಸಂಗತಿ. ಜನವರಿಯಲ್ಲಿ ಧರ್ಮಸಿಂಗರು ಲೋಕಸಭೆಗೆ ಗೆದ್ದರು. ಜೇವರ್ಗಿಯ ನಾಯಕ, ಊರೂರಿನ ಪರಿಚಯವುಳ್ಳವರು. ದೆಹಲಿಯಲ್ಲಿ ಅಟಲ ಬಿಹಾರಿ ವಾಜಪೇಯಿಯವರೆದುರು ಸುಮಾರು ಐದು ಸಾವಿರ ಮತಗಳಿಂದ ಸೋತಿದ್ದ ಕೇರಳದ ಸಿ. ಎಂ. ಸ್ಟೀಫನರಿಗೆ ಒಂದು ಸ್ಥಾನ ಬೇಕಾಯಿತು. ಧರ್ಮಸಿಂಗರು ರಾಜೀನಾಮೆಯಿತ್ತರು. ಉಪಚುನಾವಣೆ ಬಂದಿತು, ಸ್ಟೀಫನರು ಗೆದ್ದರು. ಗೋಡೆಯ ಮೇಲೆ ಬರೆದ ಹಸ್ತ ಹಾಗೆಯೇ ಉಳಿದಿದ್ದರೆ ಕೆಳಗಿನ ಹೆಸರನ್ನಷ್ಟೇ ಸುಣ್ಣ ಬಳಿದು ಬದಲಿಸಿದರೆ ಸಾಕಾಗಿದ್ದೀತು. ಆದರೆ ‘ನಮ್ಮವರು, ಕರೆದರೆ ಬರುವವರು’ ಎಂದು ಜನವರಿಯಲ್ಲಿ ಹೇಳಿ ಮತ ಪಡೆದವನು, ಕೆಲವೇ ತಿಂಗಳಲ್ಲಿ ಅದೇ ಹೊಸಲಿಗೆ ಹೋಗಿ, ಕನ್ನಡ ಬಾರದ ಮತ್ತೊಬ್ಬರಿಗೆ ಮತ ಕೇಳಬೇಕಾಯಿತು. ಕೇಳಿದನು, ಜನ ಕೊಟ್ಟರು. ಸ್ಟೀಫನರು ಕೇಂದ್ರದಲ್ಲಿ ಸಂಪರ್ಕ ಖಾತೆಯ ಮಂತ್ರಿಗಳಾಗಿದ್ದವರು, ೧೯೮೪ರ ಜನವರಿಯಲ್ಲಿ ತೀರಿಕೊಂಡರು. ಅವರ ಯೋಗ್ಯತೆಯ ಪ್ರಶ್ನೆ ಇಲ್ಲಿಯದಲ್ಲ. ಒಂದೇ ವರ್ಷದಲ್ಲಿ ಎರಡು ಸಲ ಗೆದ್ದ ಕಾರ್ಯಕರ್ತನಿಗೆ ಎರಡನೆಯ ರಾತ್ರಿಯ ಕುಣಿತ ಮೊದಲಿನಂತಿದ್ದಿತೇ ಎಂಬುದಷ್ಟೇ ನನ್ನ ಪ್ರಶ್ನೆ.

೧೯೮೯ರ ನವೆಂಬರಿನಲ್ಲಿ ಪಾಟೀಲರು ಚಿಂಚೋಳಿಗೆ ಮರಳಿದರು. ಮತದಾನದ ವಯಸ್ಸು ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿದ ಮೇಲೆ ನಡೆದ ಮೊದಲ ಮಹಾಚುನಾವಣೆ ಅದು. ಅದಕ್ಕೆ ಮೊದಲು ಎಷ್ಟೋ ಹುಡುಗರು ತಮಗೇ ಇಲ್ಲದ ಮತವನ್ನು ಬೇರೆಯವರಿಂದ ಬೇಡುತ್ತ ತಿರುಗಿದ್ದರು, ಈಗ ಅವರ ಬೆರಳಿಗೂ ಶಾಯಿ ಬಿದ್ದಿತು. ಕಾಂಗ್ರೆಸ್ಸಿಗೆ ವಿಧಾನಸಭೆಯ ೨೨೪ರಲ್ಲಿ ೧೭೮ ಸ್ಥಾನಗಳು ಬಂದುವು. ಅಷ್ಟು ದೊಡ್ಡ ಗೆಲುವು ಈ ರಾಜ್ಯದಲ್ಲಿ ಆ ಪಕ್ಷಕ್ಕೆ ಮತ್ತೆ ಬರಲಿಲ್ಲ. ನವೆಂಬರ್ ೩೦ರಂದು ಪಾಟೀಲರು ಎರಡನೆಯ ಸಲ ಮುಖ್ಯಮಂತ್ರಿಗಳಾದರು. ದೆಹಲಿಯಲ್ಲಾದರೋ ಅದೇ ಪಕ್ಷ ಅಧಿಕಾರ ಕಳೆದುಕೊಂಡಿತ್ತು. ಹೀಗಾಗಿ ಆ ರಾತ್ರಿ ಚಿಂಚೋಳಿಯಲ್ಲಿ ಪಟಾಕಿಯೂ ರೇಡಿಯೋದ ಮುಂದೆ ಮೌನವೂ ಒಂದೇ ಬೀದಿಯಲ್ಲಿದ್ದಿರಬೇಕು. ವರ್ಷ ತುಂಬಲಿಲ್ಲ. ೧೯೯೦ರಲ್ಲಿ ಗಲಭೆಗಳು, ಪಾಟೀಲರಿಗೆ ಪಾರ್ಶ್ವವಾಯು, ಬೆಂಗಳೂರಿನ ವಿಮಾನನಿಲ್ದಾಣದಲ್ಲಿ ರಾಜೀವ ಗಾಂಧಿಯವರ ಬಾಯಿಂದ ನಾಯಕತ್ವ ಬದಲಾವಣೆಯ ಮಾತು, ಅಕ್ಟೋಬರ್ ೧೦ಕ್ಕೆ ಅಧಿಕಾರದ ಕೊನೆ. ಒಂದು ತಾಲ್ಲೂಕಿನ ಜನ ಪೆಟ್ಟಿಗೆಯಲ್ಲಿ ಹಾಕಿ ಕಳಿಸಿದ್ದನ್ನು ಆ ಪೆಟ್ಟಿಗೆಯನ್ನೆಂದೂ ಕಾಣದವರು ಹಿಂದಕ್ಕೆ ತೆಗೆದುಕೊಂಡರು. ಈ ಸೀಮೆಯ ಹಿರಿಯರ ಮಾತಿನಲ್ಲಿ ಇಂದಿಗೂ ಆ ನೋವು ಹಸಿಯಾಗಿದೆ. ಪಕ್ಷಭೇದವಿಲ್ಲದೆ ಇದೆ ಎಂಬುದನ್ನು ಕೇಳಿದವನಾಗಿ ಹೇಳುತ್ತಿದ್ದೇನೆ.

ಗೆಲುವು ಬರುವ ಅಂತರವೂ ಒಂದು ಕಥೆಯೇ. ೨೦೦೪ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣರು ಗೆದ್ದದ್ದು ಒಂದೇ ಒಂದು ಮತದಿಂದ. ಅಂದು ಗೆದ್ದ ಪಕ್ಷದ ಪ್ರತಿಯೊಬ್ಬ ಕಾರ್ಯಕರ್ತನೂ ‘ಆ ಒಂದು ನಾನು ತಂದದ್ದು’ ಎಂದು ಪ್ರಾಮಾಣಿಕವಾಗಿ ಹೇಳಬಹುದಾಗಿತ್ತು, ಸೋತ ಪಕ್ಷದ ಪ್ರತಿಯೊಬ್ಬನೂ ತಾನು ಬಿಟ್ಟುಬಂದ ಒಂದು ಮನೆಯನ್ನು ನೆನೆದು ನಿದ್ದೆಗೆಡಬಹುದಾಗಿತ್ತು. ಜೇವರ್ಗಿಯಲ್ಲಿ ದಶಕಗಳ ಕಾಲ ಗೆಲ್ಲುತ್ತ ಬಂದು ಮುಖ್ಯಮಂತ್ರಿಗಳೂ ಆಗಿದ್ದ ಧರ್ಮಸಿಂಗರು ೨೦೦೮ರಲ್ಲಿ ಸೋತದ್ದು ಎಪ್ಪತ್ತು ಮತಗಳಿಂದ. ಒಂದು ಮದುವೆಯ ದಿಬ್ಬಣದಷ್ಟು ಜನ. ದೊಡ್ಡ ಅಂತರದ ಗೆಲುವಿನಲ್ಲಿ ಕಾರ್ಯಕರ್ತನು ಜಾತ್ರೆಯಲ್ಲೊಬ್ಬ. ಸಣ್ಣ ಅಂತರದಲ್ಲಿ ಅವನು ನಡೆದ ಪ್ರತಿ ಮೈಲಿಗೂ ಬೆಲೆ ಬರುತ್ತದೆ.

ಚಿಂಚೋಳಿಯಲ್ಲಿ ಗೆದ್ದ ಪಕ್ಷವೇ ರಾಜ್ಯವನ್ನಾಳುತ್ತದೆಂಬ ಒಂದು ನಂಬಿಕೆ ಬಹುಕಾಲ ಚಾಲ್ತಿಯಲ್ಲಿದ್ದಿತು. ಇಂಥ ನಂಬಿಕೆಗಳು ಗದಗದ ಕಡೆಯೂ ಇವೆ, ಬೇರೆಡೆಯೂ ಇವೆ. ಲೆಕ್ಕ ಹಿಡಿದು ನೋಡಹೊರಟರೆ ನಡುನಡುವೆ ಹೊಂದಿಸಿಕೊಳ್ಳಬೇಕಾಗುತ್ತದೆ. ಆದರೆ ತಾಲ್ಲೂಕಿನ ಕಾರ್ಯಕರ್ತನಿಗೆ ಅದೊಂದು ಅಭಿಮಾನ: ತಾನು ಕುಂಚಾವರದ ಕಾಡಂಚಿನಲ್ಲಿ ತಂದ ಮತ ವಿಧಾನಸೌಧದ ಬಾಗಿಲ ಕೀಲಿಯೆಂಬ ಭಾವನೆ. ೨೦೨೩ರ ಮೇ ೧೩ರಂದು ಈ ನಂಬಿಕೆ ಮುರಿಯಿತು. ಭಾರತೀಯ ಜನತಾ ಪಕ್ಷದ ಡಾ. ಅವಿನಾಶ ಜಾಧವರು ಅಲ್ಲಿ ೮೫೮ ಮತಗಳಿಂದ ಗೆದ್ದರು, ರಾಜ್ಯದಲ್ಲಿ ಸರ್ಕಾರ ರಚಿಸಿದ್ದು ಕಾಂಗ್ರೆಸ್ಸು. ಗೆದ್ದ ಕಡೆಯವರು ತಮ್ಮ ಉಮೇದುವಾರನನ್ನು ಹೊತ್ತು ಹೊರಬರುವ ಹೊತ್ತಿಗೆ ಬೆಂಗಳೂರಿನ ಸುದ್ದಿ ಅವರ ಕೈಯಲ್ಲಿನ ಫೋನಿನಲ್ಲಿದ್ದಿತು. ಸೋತ ಕಡೆಯವರಿಗೆ ಊರಿನಲ್ಲಿ ಸೋಲು, ರಾಜ್ಯದಲ್ಲಿ ಗೆಲುವು. ಯಾರು ಎಷ್ಟು ಪಟಾಕಿ ಹಚ್ಚಬೇಕೆಂಬುದೇ ಒಂದು ಸಮಸ್ಯೆ.

ಹೊತ್ತು ಎಂದೆ. ಅದು ಹಗಲಿನ ಹೊತ್ತು ಎಂಬುದನ್ನು ಹೇಳಬೇಕು. ೨೦೦೪ರ ಲೋಕಸಭಾ ಚುನಾವಣೆಯಿಂದೀಚೆಗೆ ದೇಶವೆಲ್ಲ ಮತಯಂತ್ರವಾದ ಮೇಲೆ ಎಣಿಕೆಯ ರಾತ್ರಿ ಎಂಬುದು ಬಹುತೇಕ ಇಲ್ಲವಾಗಿದೆ. ಬೆಳಿಗ್ಗೆ ಎಂಟಕ್ಕೆ ಆರಂಭ, ಊಟದ ಹೊತ್ತಿಗೆ ಹಲವರ ಹಣೆಬರಹ ತೀರ್ಮಾನ. ಬಾಣದ ಗುರುತಿನ ಚರ್ಚೆಯಿಲ್ಲ, ಇಪ್ಪತ್ತೈದರ ಕಟ್ಟಿಲ್ಲ. ಕಲಸುವ ಪದ್ಧತಿಯೂ ಅದರೊಡನೆ ಹೋಯಿತು. ಯಂತ್ರ ಮತಗಟ್ಟೆಗೊಂದಾದ್ದರಿಂದ ಯಾವ ಗಟ್ಟೆಯಲ್ಲಿ ಯಾರಿಗೆಷ್ಟು ಎಂಬುದು ಈಗ ಎಲ್ಲರಿಗೂ ತಿಳಿಯುತ್ತದೆ. ಹಲವು ಯಂತ್ರಗಳ ಮೊತ್ತವನ್ನು ಒಟ್ಟಿಗೆ ಕೂಡಿಸಿ ತೋರಿಸುವ ಒಂದು ಸಲಕರಣೆಯ ಪ್ರಸ್ತಾಪ ಬಂದಿತಾದರೂ ಆಚರಣೆಗೆ ಬರಲಿಲ್ಲ.

ಆದಕಾರಣ ಇಂದು ಗೆದ್ದ ಸಂಜೆ ಕಾರ್ಯಕರ್ತನ ಕೈಗೆ ಒಂದು ಹಾಳೆ ಬರುತ್ತದೆ, ಅದರಲ್ಲಿ ಅವನ ಸ್ವಂತ ಓಣಿಯ ಅಂಕಿಯಿರುತ್ತದೆ. ಒಟ್ಟು ಕ್ಷೇತ್ರದಲ್ಲಿ ಗೆದ್ದು ತನ್ನ ಗಟ್ಟೆಯಲ್ಲಿ ಹಿಂದೆ ಬಿದ್ದಿದ್ದರೆ ಅವನು ಆ ಹಾಳೆಯನ್ನು ಮಡಿಸಿ ಜೇಬಿನಲ್ಲಿಡುತ್ತಾನೆ. ಮರುದಿನ ಬೆಳಿಗ್ಗೆ ಹಾಲು ತರಲು ಹೋದಾಗ, ಎದುರು ಬಂದ ಪ್ರತಿ ಮುಖವನ್ನೂ ಆ ಅಂಕಿಯ ಜೊತೆಗೆ ಹೊಂದಿಸಿ ನೋಡುತ್ತಾನೆ.